ಅಜ್ಜಿ ಬರೆ ಹಾಕದ ಜಾಗ

ನನ್ನ ಗಂಡ ನನಗೆ ಸೋದರಮಾವ. ಅವ್ವನ ಕೊನೆಯ ತಮ್ಮ, ನಾನು ತೊಟ್ಟಿಲಲ್ಲಿದ್ದಾಗ ತೂಗಿದವನು. ಹಾಗಾಗಿ ಮದುವೆಯಾದ ಮೇಲೂ ನನ್ನ ಬಾಯಿಗೆ ಬಹುವಚನ ಬರಲಿಲ್ಲ. ಮಾವ ಅಂತಲೇ ಕರೆದೆ, ಬಾ ಹೋಗು ಅಂತಲೇ ಮಾತಾಡಿದೆ. ಊರಿನ ಹೆಂಗಸರು ನನ್ನನ್ನು ಕಂಡು, "ಕೊಳ್ಳೇಗಾಲದೋಳ್ಗೆ ಓದು ತಲೆಗೇರೈತೆ" ಅಂದರು. ಏರಿದ್ದು ನಿಜವೇ. ಹತ್ತನೇ ಕ್ಲಾಸು ಪಾಸಾಗಿ ಕಾವೇರಿ ದಾಟಿ ಬಂದವಳು ನಾನು. ಪೆನ್ನಾಗರಂ ಕಡೆಯ ಆ ಊರಲ್ಲಿ ಮನೆಯ ಮಾತು ಕನ್ನಡ, ಅಂಗಡಿಯ ಮಾತು ತಮಿಳು, ಸ್ಕೂಲಿನ ಅಕ್ಷರವೂ ತಮಿಳೇ. ಕನ್ನಡ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ, ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ.

ಅವ್ವನ ಅವ್ವನೇ ನನಗೆ ಅತ್ತೆ. ಅಜ್ಜಿ ಅಂತಲೇ ಕರೆಯುತ್ತಿದ್ದೆ. ಮನೆಯಲ್ಲಿ ಅವಳು, ಮಾವನ ಅಣ್ಣ ದೊಡ್ಡಮಾವ, ನಾವಿಬ್ಬರು. ಮಳೆ ಬಂದರೆ ರಾಗಿ, ಹುರುಳಿ. ಬಂದರೂ ಬಾರದಿದ್ದರೂ ಕುರಿ. ಮಾವನಿಗೆ ಪ್ರತಿ ಕುರಿಯ ಮುಖ ಗೊತ್ತಿತ್ತು. ನನ್ನ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು ಅಂತ ನಾನು ಛೇಡಿಸುತ್ತಿದ್ದೆ. "ಅವು ನಿನ್ನಂಗೆ ಎದ್ರು ಮಾತಾಡಲ್ವಲ್ಲ" ಅನ್ನುತ್ತಿದ್ದ.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ನಮ್ಮ ಅಜ್ಜಿ ಬರೆ ಹಾಕದ ಮೈಯೂ ಆ ಊರಲ್ಲಿರಲಿಲ್ಲ. ಕುರಿ ಕುಂಟಿದರೆ ಬರೆ, ಮಗುವಿನ ಹೊಟ್ಟೆ ಉಬ್ಬಿದರೆ ಬರೆ, ದೊಡ್ಡವರ ಸೊಂಟ ಹಿಡಿದರೆ ಬರೆ. ಹಳೆಯ ಕುಡುಗೋಲೊಂದರ ತುದಿಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ನೋವಿದ್ದ ಜಾಗಕ್ಕೆ ಒತ್ತಿ ಎಳೆಯುತ್ತಿದ್ದಳು. ಸುಮ್ಮನೆ ಎಳೆಯುವುದಲ್ಲ. ಒಂದೊಂದು ಕಾಯಿಲೆಗೆ ಒಂದೊಂದು ಆಕಾರ. ಮೀನಖಂಡದ ನೋವಿಗೆ ಎರಡು ಅಡ್ಡಗೆರೆ, ಹೊಟ್ಟೆಗೆ ಹೊಕ್ಕುಳಿನ ಸುತ್ತ ನಾಲ್ಕು ಚುಕ್ಕೆ, ಕೀಲು ಬಿದ್ದರೆ ಕತ್ತರಿಯಾಕಾರ. "ನೋವು ಎಲ್ಲಿಗೆ ಓಗ್ತೈತೋ ಅಲ್ಲಿಗೆ ಬರೆ ಓಗ್ಬೇಕು. ಬಿಡಬಾರ್ದು" ಅನ್ನುವುದು ಅವಳ ಶಾಸ್ತ್ರ. ಬೇರೆಯವರ ರೋಗಕ್ಕೆ ಅವಳಿಗೆ ಕೈಗುಣವಿತ್ತೋ ಏನೋ, ನಾನು ಮಾತ್ರ ಆ ವಾಸನೆ ಬಂದರೆ ಎದ್ದು ಆಚೆ ಹೋಗುತ್ತಿದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಮದುವೆಯಾಗಿ ಎರಡು ವರ್ಷ ದಾಟಿತ್ತು, ಮಕ್ಕಳಾಗಿರಲಿಲ್ಲ. ಸುಗ್ಗಿ ಮುಗಿದು ಕಂಡವರ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿಮಂದೆ ನಿಲ್ಲಿಸುವ ಕಾಲ. ಮಾವ ಮಂದೆಯ ಹಿಂದೆ ಹೋದವನು ಜ್ವರ ಹೊತ್ತುಕೊಂಡು ಬಂದ. ಬಿಟ್ಟು ಬಿಟ್ಟು ಬರುವ ಜ್ವರ. ಮೀನಖಂಡಗಳನ್ನು ಮುಟ್ಟಿದರೆ ಕೂಗುತ್ತಿದ್ದ. ಪೆನ್ನಾಗರಂ ಡಾಕ್ಟರು ವಿಷಮಶೀತ ಜ್ವರವಿರಬಹುದು ಅಂತ ಮಾತ್ರೆ ಕೊಟ್ಟರು. ಅಜ್ಜಿ ತನ್ನ ಪಾಲಿಗೆ ಎರಡೂ ಕಾಲಿಗೆ ಅಡ್ಡಗೆರೆ ಎಳೆದಳು. ಜ್ವರ ಮಾತ್ರೆಗೂ ಜಗ್ಗಲಿಲ್ಲ, ಕುಡುಗೋಲಿಗೂ ಜಗ್ಗಲಿಲ್ಲ. ಮೈ ಮಾತ್ರ ಇಳಿಯುತ್ತ ಬಂತು. ಕಂಬಳಿ ಹೊದ್ದರೆ ಕಂಬಳಿಯೊಂದೇ ಕಾಣುವಷ್ಟು ಸೊರಗಿದ.

ಒಂದು ಬೆಳಗ್ಗೆ ಎದ್ದು ನಡೆದವನ ಎಡಗಾಲಿನ ಎಕ್ಕಡ ಹಿಂದೆಯೇ ಉಳಿಯಿತು. ತಿರುಗಿ ಹಾಕಿಕೊಂಡ, ಮತ್ತೆ ಉಳಿಯಿತು. ಪಾದ ಮೇಲಕ್ಕೆ ಏಳುತ್ತಲೇ ಇರಲಿಲ್ಲ, ಹಿಟ್ಟಿನ ಮುದ್ದೆಯ ಹಾಗೆ ಜೋತು ಬಿದ್ದಿತ್ತು. "ಲೇ, ಕಾಲು ನನ್ ಮಾತು ಕೇಳ್ತಿಲ್ವಲ್ಲೇ" ಅಂತ ನಗುತ್ತಲೇ ಅಂದ. ಆ ನಗು ನನಗೆ ಹಿಡಿಸಲಿಲ್ಲ. ವಾರ ಕಳೆಯುವುದರೊಳಗೆ ಬಲಗೈಯ ಮಣಿಕಟ್ಟೂ ಜೋತಿತು. ತೊಡೆಯ ಮೇಲೆ ಚರ್ಮ ಬಲೆ ಹಾಸಿದ ಹಾಗೆ ನೀಲಿಗಟ್ಟಿತು, ಅಲ್ಲಲ್ಲಿ ಚರ್ಮದಡಿ ಅವರೆಕಾಳಿನಷ್ಟು ಗಂಟುಗಳು. ಅಜ್ಜಿ ಕಾಲಿಗೊಂದು, ಕೈಗೊಂದು ಕತ್ತರಿ ಬರೆ ಹಾಕಿದಳು. ಗಾಯದ ಮೇಲೆ ಬರೆ ಅನ್ನುವುದು ಬೇರೆಯವರ ಮನೆಯಲ್ಲಿ ಗಾದೆ.

ಆಗಲೇ ಊರಿಗೆ ಕುಷ್ಠ ತಪಾಸಣೆಯವರೊಬ್ಬರು ಬಂದಿದ್ದು. ಆ ಜಿಲ್ಲೆಗಳಲ್ಲಿ ಆ ರೋಗ ಹೆಚ್ಚು. ಸೈಕಲ್ ಮೇಲೆ ಊರೂರು ತಿರುಗಿ ಎಲ್ಲರ ಬೆನ್ನು, ಕಿವಿ ನೋಡುತ್ತಿದ್ದರು. ಒಳ್ಳೆಯ ಮನುಷ್ಯ, ಇವತ್ತಿಗೂ ನಾನು ಅವರನ್ನು ಬೈಯಲಾರೆ. ಮಾವನ ಜೋಲುಗಾಲು, ಜೋಲುಗೈ, ಚರ್ಮದ ಗಂಟು ಕಂಡದ್ದೇ ಅವರ ಮುಖ ಗಂಭೀರವಾಯಿತು. ಅವನನ್ನು ನಮ್ಮ ಜಗಲಿಯ ಮೇಲೆ ಕೂರಿಸಿ ಕಣ್ಣು ಮುಚ್ಚಲು ಹೇಳಿದರು. ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟುತ್ತ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸು ಅಂದರು. ಸುತ್ತ ಊರೇ ನಿಂತಿತ್ತು. ಎದೆಗೆ ಮುಟ್ಟಿದರು, ತೋರಿಸಿದ. ತೋಳಿಗೆ ಮುಟ್ಟಿದರು, ತೋರಿಸಿದ. ಮೀನಖಂಡಕ್ಕೆ ಮುಟ್ಟಿದರು. ಮಾವ ಕಣ್ಣು ಮುಚ್ಚಿಕೊಂಡು ಕಾಯುತ್ತ ಕೂತಿದ್ದ. ಇನ್ನೊಂದು ಕಾಲಿಗೆ ಮುಟ್ಟಿದರು. ಕಾಯುತ್ತಲೇ ಇದ್ದ. ನಿಂತವರಲ್ಲಿ ಒಬ್ಬೊಬ್ಬರೇ ಹಿಂದೆ ಸರಿದರು.

ಹತ್ತಿ ಮುಟ್ಟಿದ್ದು ಬರೆ ಸುಟ್ಟ ಕಲೆಯ ಮೇಲೆ ಅನ್ನುವುದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಸುಟ್ಟ ಚರ್ಮಕ್ಕೆ ಹತ್ತಿ ಎಲ್ಲಿ ತಿಳಿಯುತ್ತದೆ? ಆದರೆ ನಮ್ಮೂರಲ್ಲಿ ಬರೆಯಿಲ್ಲದ ಮೈಯೇ ಇಲ್ಲವಾದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ತರಲಿಲ್ಲ. ಮೂಗು ಇದೆ ಅಂತ ಯಾರಾದರೂ ಹೇಳುತ್ತಾರೆಯೇ? ತಪಾಸಣೆಯವರು ಅದು ರೋಗದ ಗಾಯ ಒಣಗಿದ ಕಲೆ ಅಂದುಕೊಂಡರು. ಮಾತ್ರೆ ಕೊಟ್ಟು ತಮಿಳಿನಲ್ಲಿ ನಿಧಾನವಾಗಿ ಹೇಳಿದರು: ಕುಷ್ಠದ ಹಾಗೆ ಕಾಣುತ್ತಿದೆ. ಮಾತ್ರೆ ನುಂಗಿದರೆ ವಾಸಿಯಾಗುತ್ತದೆ, ಮನೆಯಲ್ಲೇ ಇರಲಿ, ಹೊರಗೆ ಹಾಕಬೇಡಿ. ಊರು ಮೊದಲನೆಯ ಮಾತನ್ನು ಕೇಳಿಸಿಕೊಂಡು ಎರಡನೆಯದನ್ನು ಗಾಳಿಗೆ ಬಿಟ್ಟಿತು.

ನಮ್ಮವರು ಅದನ್ನು ಹೆಸರಿಟ್ಟು ಕರೆಯುವುದಿಲ್ಲ. ದೊಡ್ಡ ರೋಗ ಅನ್ನುತ್ತಾರೆ. ಮಾರನೆಯ ದಿನವೇ ಟೀ ಅಂಗಡಿಯಲ್ಲಿ ಮಾವನಿಗೆ ಲೋಟ ಹೋಗಿ ತೆಂಗಿನ ಕರಟ ಬಂತು. ಕುಡಿಯದೆ ಎದ್ದು ಬಂದ. ಕ್ಷೌರದವನು ಈ ಕಡೆ ತಲೆ ಹಾಕಲಿಲ್ಲ. ದೊಡ್ಡಮಾವನಿಗೆ ಬೆಳೆದ ಹೆಣ್ಣುಮಕ್ಕಳಿರಲಿಲ್ಲ, ಹೆಂಡತಿಯೂ ಬದುಕಿರಲಿಲ್ಲ, ಯಾರ ಮದುವೆ ನಿಲ್ಲುತ್ತದೆಂಬ ಭಯವೂ ಇಲ್ಲ. ಆದರೂ ಹೊಲದಾಚೆ ಕುರಿದೊಡ್ಡಿಯ ಪಕ್ಕ ಜೋಳದ ಕಡ್ಡಿಯ ಗುಡಿಸಲು ಕಟ್ಟಿ, "ಸ್ವಲ್ಪ ದಿವ್ಸ ಅಲ್ಲಿರ್ಲಿ" ಅಂದ. ಅಜ್ಜಿ ನೆಲ ನೋಡಿದಳು. ನಾನು ಚಾಪೆ, ಮಡಕೆ ಎತ್ತಿಕೊಂಡು ಅವನ ಹಿಂದೆ ಹೊರಟೆ. ಸುದ್ದಿ ಕೇಳಿ ಅವ್ವ ಕೊಳ್ಳೇಗಾಲದಿಂದ ಓಡಿ ಬಂದು, ಸ್ವಂತ ತಮ್ಮನ ಗುಡಿಸಲಿನ ಹೊರಗೆ ನಿಂತು, "ನೀ ಬಂದ್ಬುಡವ್ವ" ಅಂತ ನನ್ನನ್ನು ಕರೆದಳು. ನಾನು ಅವಳಿಗೆ ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಅಜ್ಜಿ ದಿನಾ ಮುದ್ದೆ ತಂದು ಕಲ್ಲಿನ ಮೇಲಿಟ್ಟು ದೂರ ನಿಲ್ಲುತ್ತಿದ್ದಳು. ಮಾವನಿಗೆ ಉಂಡರೆ ಹೊಟ್ಟೆನೋವು. ಉಂಡು ಅರ್ಧ ಗಂಟೆಗೆ ಕರುಳು ಹಿಂಡಿದಂತಾಗಿ ಮಡಚಿಕೊಂಡು ಬೀಳುತ್ತಿದ್ದ. ಕಡೆಗೆ ಅನ್ನ ಕಂಡರೇ ಹೆದರಿಕೆ. ತಲೆ ಸಿಡಿಯುತ್ತಿತ್ತು. ಅದನ್ನು ಕಂಡ ಅಜ್ಜಿ ಒಂದು ದಿನ ಕುಡುಗೋಲು ಹಿಡಿದುಕೊಂಡೇ ಬಂದಳು. ಹೊಕ್ಕುಳಿನ ಸುತ್ತ ನಾಲ್ಕು ಚುಕ್ಕೆ, ಎರಡೂ ಕಣತಲೆಗೆ ಒಂದೊಂದು. ಹಾಕುವಾಗ ಅಳುತ್ತಿದ್ದಳು. ಕೈಯಿಂದ ಮುಟ್ಟದವಳು ಕಬ್ಬಿಣದಿಂದ ಮುಟ್ಟಿದಳು. ನನಗೆ ಬಂದ ಸಿಟ್ಟಿಗೆ ಆ ಕುಡುಗೋಲನ್ನು ಕಿತ್ತು ಬೇಲಿಯಾಚೆ ಎಸೆದೆ. ಅವಳು ಹೋಗಿ ಹುಡುಕಿ ತಂದಳು.

ಅದಾದ ಮೇಲೆ ಒಂದು ಮಧ್ಯಾಹ್ನ, ಕುರಿ ಮೇಯಲು ಹೋಗಿ ದೊಡ್ಡಿ ಖಾಲಿಯಿದ್ದಾಗ, ಮಾವ ಗೋಡೆ ಕಡೆ ಮುಖ ಮಾಡಿ ಅಂದ: "ಲೇ, ಕೆಳ್ಗೆ ನೋವು. ಬೀಜ ಊದೈತೆ. ಕಾಲಿಗಿಂತ ಮುಂಚಿಂದ್ಲೂ ಐತೆ."

ಕಾಲು ಜೋಲುವ ಮುಂಚಿನಿಂದ. ಅಂದರೆ ತಿಂಗಳುಗಟ್ಟಲೆ ಅವನು ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಕುರಿ ಸಾಕುವವರಲ್ಲಿ ಟಗರುಮರಿಗಳ ಬೀಜ ಒಡೆಯುವ ಕೆಲಸವಿರುತ್ತದೆ. ಮಾವ ಅದರಲ್ಲಿ ಪಳಗಿದವನು, ಅಕ್ಕಪಕ್ಕದ ಊರಿಗೂ ಕರೆಸುತ್ತಿದ್ದರು. ಬೀಜ ಒಡೆದ ಟಗರನ್ನು ಮುಂದಿಟ್ಟುಕೊಂಡು ಗಂಡಸರು ಆಡುವ ತಮಾಷೆಯೆಲ್ಲ ಅವನಿಗೆ ಬಾಯಿಪಾಠ. ಅದನ್ನೀಗ ಊರು ತನ್ನ ಮೇಲೆ ಆಡುತ್ತದೆ, ಮಕ್ಕಳಾಗದ್ದಕ್ಕೂ ಇದೇ ಕಾರಣ ಅನ್ನುತ್ತದೆ, ಇಲ್ಲವೇ ಎಲ್ಲೋ ಹೋಗಿ ಹತ್ತಿಸಿಕೊಂಡು ಬಂದ ಅನ್ನುತ್ತದೆ ಅಂತ ಅವನ ಭಯ.

"ದೊಡ್ ರೋಗ ಅಂತ ಅನ್ಲಿ, ತಡ್ಕೋತೀನಿ. ಇದನ್ನ ಮಾತ್ರ ಯಾರ್ಗೂ ಏಳ್ಬೇಡ. ತಲೆ ಮ್ಯಾಲೆ ಕೈ ಇಕ್ಕು."

ಇಡುವುದಿಲ್ಲ ಅಂದೆ. ನನ್ನ ಕೈಯನ್ನು ಅವನೇ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡ. ನಮ್ಮಲ್ಲಿ ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಯಾರ ತಲೆ ಮುಟ್ಟಿದ್ದೆವೋ ಆ ತಲೆ ಉರುಳುತ್ತದೆ. ಹತ್ತನೇ ಕ್ಲಾಸು ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ ಅಂತ ಹೇಳಿಕೊಳ್ಳುತ್ತಿದ್ದವಳು ನಾನು. ಆದರೂ ಆಣೆ ಮಾಡಿದೆ.

ಮುಂಗಾರಿನ ಹೊತ್ತಿಗೆ ಅವನಿಗೆ ಎದ್ದು ಕೂರುವುದೂ ಆಗದೇ ಹೋಯಿತು. ಕುಷ್ಠದ ಮಾತ್ರೆ ತಪ್ಪದೆ ನುಂಗುತ್ತಿದ್ದ, ಎಳ್ಳಷ್ಟೂ ಗುಣವಿಲ್ಲ. ಆ ತಪಾಸಣೆಯವರೇ ಮತ್ತೆ ಬಂದು ನೋಡಿ, ಇದು ಯಾಕೋ ನನಗೆ ತಿಳಿಯುತ್ತಿಲ್ಲ, ಸೇಲಂ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು. ದೊಡ್ಡಮಾವ ಹುಣಸೆಹಣ್ಣಿನ ಲಾರಿಯವನೊಬ್ಬನನ್ನು ಒಪ್ಪಿಸಿದ. ಮೂಟೆಗಳ ಮಧ್ಯೆ ಮಾವನನ್ನು ಮಲಗಿಸಿ ನಾನು, ಅಜ್ಜಿ, ದೊಡ್ಡಮಾವ ಹೊರಟೆವು. ತೊಪ್ಪೂರು ಘಾಟಿಯಲ್ಲಿ ಲಾರಿ ತಿರುವು ತೆಗೆದುಕೊಂಡಾಗಲೆಲ್ಲ ಅವನು ಹೊಟ್ಟೆ ಹಿಡಿದುಕೊಂಡು ಮುಲುಗುತ್ತಿದ್ದ. ಸೇಲಂ ಸೇರುವವರೆಗೆ ಜೀವ ಇರುತ್ತದೋ ಇಲ್ಲವೋ ಅಂತ ಅವನ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಲೇ ಇದ್ದೆ.

ಆಸ್ಪತ್ರೆಯಲ್ಲಿ ಶುರುವಾದದ್ದು ಇನ್ನೊಂದು ತಿರುಗಾಟ. ಚರ್ಮದವರು ಚರ್ಮ ನೋಡಿದರು, ಕಿವಿಯ ತುದಿ ಗೀರಿ ತೆಗೆದು ಪರೀಕ್ಷಿಸಿದರು, ಕುಷ್ಠದ ಹುಳ ಕಾಣಲಿಲ್ಲ, ಆದರೂ ಇಲ್ಲ ಅನ್ನಲಾಗದು ಅಂದರು. ಮೂಳೆಯವರು ಕಾಲಿಗೆ ಪಟ್ಟಿ ಕಟ್ಟಿದರು. ಮೂತ್ರ ಪರೀಕ್ಷೆ ಮಾಡಿದವರು ಮೂತ್ರಪಿಂಡಕ್ಕೆ ಏನೋ ಆಗಿದೆ ಅಂದರು. ಕುರುಡರು ಆನೆ ಮುಟ್ಟಿದ ಕಥೆ ನಮ್ಮ ಮಂಚದ ಮೇಲೆಯೇ ನಡೆಯುತ್ತಿತ್ತು. ಹೊಟ್ಟೆನೋವು ಜೋರಾದ ದಿನ ಶಸ್ತ್ರಚಿಕಿತ್ಸೆಯವರು ಬಂದು ಒತ್ತಿ ನೋಡಿ, ನಾಳೆ ಬೆಳಗ್ಗೆ ಹೊಟ್ಟೆ ಕೊಯ್ದು ನೋಡಬೇಕು ಅಂದರು. ಅವರು ಆಚೆ ಹೋದ ಮೇಲೆ ವಾರ್ಡಿನ ನರ್ಸಮ್ಮನನ್ನು ಕೇಳಿದೆ, ತಡೆದುಕೊಳ್ಳುತ್ತಾನಾ ಅಂತ. ಆಕೆ ಅವನ ಕೈಯ ಮೂಳೆ ನೋಡಿ, ಹಾಸಿಗೆ ಸರಿಮಾಡಿದಳು.

ಆ ಮಧ್ಯಾಹ್ನವೇ ದೊಡ್ಡ ಡಾಕ್ಟರು ಬಂದದ್ದು. ಕೊಯ್ಯದೆ ಔಷಧದಲ್ಲೇ ಗುಣ ಮಾಡುವ ವಿಭಾಗದವರು. ನರೆಗೂದಲು, ಸಿಡುಕು ಮೂತಿ, ಹಿಂದೆ ಕೋಟು ತೊಟ್ಟ ಕಿರಿಯ ಡಾಕ್ಟರುಗಳ ಹಿಂಡು. ಆಪರೇಷನ್ನಿಗೆ ಮುಂಚೆ ರೋಗಿ ತಾಳುತ್ತಾನಾ ಅಂತ ನೋಡಲು ಅವರನ್ನು ಕರೆಸಿದ್ದರಂತೆ. ರಕ್ತದೊತ್ತಡ ನೋಡಿದರು. ಇನ್ನೊಮ್ಮೆ ನೋಡಿದರು. ಇಷ್ಟು ಬಡಕಲು ಹುಡುಗನಿಗೆ ಇಷ್ಟು ಒತ್ತಡ ಯಾಕೆ ಅಂತ ಕಿರಿಯರನ್ನು ಗದರಿದರು. ಆಮೇಲೆ ಮೊಣಕೈಯ ಹಿಂದೆ, ಕತ್ತಿನ ಪಕ್ಕ, ಮಂಡಿಯ ಕೆಳಗೆ ಬೆರಳಾಡಿಸಿ ನರಗಳನ್ನು ಹುಡುಕಿದರು.

"ಕುಷ್ಠ ಅಂತ ಯಾರು ಹೇಳಿದ್ದು? ನರ ಎಲ್ಲೂ ದಪ್ಪಗಾಗಿಲ್ಲ" ಅಂತ ತಮಿಳಿನಲ್ಲಿ ಕೇಳಿದರು.

ಕಾಲಿನಲ್ಲಿ ಸ್ಪರ್ಶವಿಲ್ಲ ಅಂತ ಒಬ್ಬ ಕಿರಿಯ ಡಾಕ್ಟರು ಹೇಳಿದ. ಡಾಕ್ಟರು ಗುಂಡುಸೂಜಿ ತೆಗೆದು ಮೀನಖಂಡದ ಕಲೆಯ ಮೇಲೆ ಚುಚ್ಚಿದರು. ಮಾವ ಅಲುಗಲಿಲ್ಲ. ಕಲೆಯಿಂದ ಒಂದು ಬೆರಳು ಪಕ್ಕಕ್ಕೆ ಚುಚ್ಚಿದರು. "ಅಯ್ಯಪ್ಪಾ!" ಅಂತ ಕೂಗಿದ. ಡಾಕ್ಟರು ಕಲೆಯ ಮೇಲೆ ಬಗ್ಗಿ ನೋಡಿ, "ಇದೇನು, ಸೂಡಾ?" ಅಂದರು. ಸೂಡು ಅಂದರೆ ತಮಿಳಿನಲ್ಲಿ ಬರೆ. ಯಾರು ಹಾಕಿದ್ದು ಅಂತ ಕೇಳಿದಾಗ ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಇವತ್ತು ಬೈಗುಳ ಬೀಳುತ್ತದೆ, ಬೀಳಲಿ ಅಂತ ನಾನು ಕಾದೆ. ಅವರು ಬೈಯಲಿಲ್ಲ.

"ಅಮ್ಮಾ, ಯಾವುದು ಮೊದಲು ಹಾಕಿದ್ದು? ಯಾಕೆ ಹಾಕಿದ್ದು? ಒಂದೊಂದೇ ಮುಟ್ಟಿ ಹೇಳಿ."

ಮುಟ್ಟಿ ಅಂದಾಗ ಅಜ್ಜಿ ಒಂದು ಗಳಿಗೆ ಹಿಂಜರಿದಳು. ಆಮೇಲೆ ಮಗನ ಮೀನಖಂಡದ ಮೇಲೆ ಕೈ ಇಟ್ಟಳು. ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಹೇಳುತ್ತ ಹೋದಳು. ಇದು ಜ್ವರ ಬಂದು ಮೀನಖಂಡ ಸೆಳೆದಾಗ. ಇದು ಪಾದ ಬಿದ್ದಾಗ, ಕತ್ತರಿ ಬರೆ. ಇದು ಕೈ ಬಿದ್ದಾಗ. ಇದು ಹೊಟ್ಟೆ. ಇದು ತಲೆ. ಡಾಕ್ಟರು ಮಂಚದ ತುದಿಯಲ್ಲಿ ಕೂತೇ ಬಿಟ್ಟರು. ಯಾವುದು ಯಾವಾಗ ಬಂತು ಅಂತ ಆಸ್ಪತ್ರೆಯಲ್ಲಿ ನಮ್ಮನ್ನು ಕೇಳಿದವರೆಲ್ಲರಿಗೂ ನಾವು ಒಂದೊಂದು ಸಲ ಒಂದೊಂದು ಥರ ಹೇಳಿದ್ದೆವು. ಮಾವನ ಮೈ ಮಾತ್ರ ಒಂದೇ ಥರ ಹೇಳುತ್ತಿತ್ತು.

"ಒಬ್ಬ ಮನುಷ್ಯನಿಗೆ ಒಟ್ಟೊಟ್ಟಿಗೆ ಇಷ್ಟೊಂದು ರೋಗ ಬರುವುದಿಲ್ಲ" ಅಂತ ಕಿರಿಯರಿಗೆ ಹೇಳಿದರು. "ಒಂದೇ ಇರಬೇಕು. ಎಲ್ಲ ಕಡೆಗೂ ಹೋಗುವಂಥದ್ದು." ಆಮೇಲೆ ನಮ್ಮ ಕಡೆ ತಿರುಗಿದರು. "ಇನ್ನೇನಾದರೂ ಇದೆಯಾ? ಸೂಡು ಹಾಕದೆ ಬಿಟ್ಟ ನೋವು?"

ಅಜ್ಜಿ ಹೆಮ್ಮೆಯಿಂದ, "ನಾ ಯಾವ್ದನ್ನೂ ಬುಡಲ್ಲ" ಅಂದಳು.

ಮಾವ ನನ್ನನ್ನು ನೋಡಿದ. ಬೇಡ ಅಂತ ಕಣ್ಣಲ್ಲೇ ಅಂದ. ಜೀವನದಲ್ಲಿ ನಾನು ಅಷ್ಟು ಹೆದರಿದ್ದು ಅದೊಂದೇ ಸಲ. ಹೇಳಿದರೆ ಆಣೆ ಮುರಿದು ಅವನು ಸಾಯುತ್ತಾನೆ. ಹೇಳದಿದ್ದರೆ ನಾಳೆ ಬೆಳಗ್ಗೆ ಹೊಟ್ಟೆ ಕೊಯ್ದು ಸಾಯುತ್ತಾನೆ. ಸುತ್ತ ಗಂಡಸರು, ಅತ್ತ ಭಾವನಾದ ದೊಡ್ಡಮಾವ, ಇತ್ತ ಅತ್ತೆಯಾದ ಅಜ್ಜಿ, ಕೋಟಿನ ಹುಡುಗರು. ಡಾಕ್ಟರು ಎದ್ದು ನಿಂತು ಕನ್ನಡಕ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವರು ಹೊರಟರೆ ಮುಗಿಯಿತು.

"ಒರು ಎಡತ್ತುಲ ಸೂಡು ಪೋಡಲೆ, ಸಾರ್" ಅಂದೆ. ಒಂದು ಕಡೆ ಬರೆ ಹಾಕಿಲ್ಲ.

ಎಲ್ಲಿ ಅಂದರು. ಹೇಳಿದೆ. ತಮಿಳಿನ ನಾಜೂಕು ಶಬ್ದ ನನಗೆ ಗೊತ್ತಿರಲಿಲ್ಲ, ಕುರಿಗೆ ಅನ್ನುವ ಶಬ್ದವನ್ನೇ ಅಂದೆ. ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಡಾಕ್ಟರು ಅವನನ್ನು ಆಚೆಗೆ ಕಳಿಸಿದರು. ಯಾವಾಗಿನಿಂದ ಅಂತ ಕೇಳಿದರು. ಪಾದ ಬೀಳುವುದಕ್ಕೂ ಮೊದಲಿನಿಂದ ಅಂದೆ. ಅವರ ಮುಖ ಬದಲಾಯಿತು. ಪರದೆ ಎಳೆದು ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿದರು.

ಒಳಗಿನಿಂದ ಮಾವನ ದನಿ ಕೇಳಿತು: "ಆಣೆ ಮುರುದ್ಲು. ತಲೆ ಮುಟ್ಟಿದ್ದೋಳು ಆಣೆ ಮುರುದ್ಲು."

ಅಜ್ಜಿ ನನ್ನ ಕೆನ್ನೆಗೆ ಹೊಡೆದಳು. "ನನ್ ಮಗುನ್ನ ನೀನೇ ತಿಂದ್ಕೊಂಡ್ಯಲ್ಲೇ" ಅಂದಳು. ಅವಳು ಹೇಳಿದ್ದು ನಿಜವಾಗಿಬಿಟ್ಟರೆ ಅನ್ನುವ ಭಯದಲ್ಲಿ ನನಗೆ ಕೆನ್ನೆ ಉರಿದದ್ದೇ ತಿಳಿಯಲಿಲ್ಲ.

ಡಾಕ್ಟರು ಪರದೆ ಸರಿಸಿ ಬಂದವರು ನೇರವಾಗಿ ಶಸ್ತ್ರಚಿಕಿತ್ಸೆಯವರ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಜೋರಾಗಿ ಮಾತಾಡಿದರು. ಹೊಟ್ಟೆ ಕೊಯ್ಯುವುದು ನಿಂತಿತು. ನನ್ನನ್ನು ಕರೆದು ನಿಧಾನವಾಗಿ ವಿವರಿಸಿದರು. ಇದು ರಕ್ತನಾಳಗಳ ರೋಗ ಇರಬಹುದು. ಮೈಯೊಳಗೆ ರಕ್ತ ಒಯ್ಯುವ ಸಣ್ಣ ಕೊಳವೆಗಳು ಊದಿಕೊಂಡು ಮುಚ್ಚಿಹೋಗುತ್ತವೆ. ಎಲ್ಲಿ ಮುಚ್ಚಿತೋ ಆ ಅಂಗ ಉಪವಾಸ ಬೀಳುತ್ತದೆ. ಕಾಲಿನ ನರ, ಕೈಯ ನರ, ಕರುಳು, ಮೂತ್ರಪಿಂಡ, ನೀನು ಹೇಳಿದ ಜಾಗ, ಎಲ್ಲವೂ ಒಂದೇ ರೋಗ. ಬಹಳ ಅಪರೂಪ. ನಾನೇ ಒಂದೋ ಎರಡೋ ನೋಡಿದ್ದೇನೆ. ಗಂಡಸರಲ್ಲಿ ಕೆಲವರಿಗೆ ಅಲ್ಲಿ ನೋವು ಬರುತ್ತದೆ, ಅದಕ್ಕೇ ನನಗೆ ಅನುಮಾನ ಗಟ್ಟಿಯಾಯಿತು.

ಗಟ್ಟಿ ಮಾಡಿಕೊಳ್ಳಲು ಮಾಂಸದ ಚೂರು ಬೇಕಿತ್ತು. ನೋಯುತ್ತಿದ್ದ ಕಡೆಯೆಲ್ಲ ಅಜ್ಜಿ ಮೊದಲೇ ಸುಟ್ಟಿದ್ದಳು. ಕೊನೆಗೆ ಬಲಗಾಲಿನ ಮೀನಖಂಡದಲ್ಲಿ ಎರಡು ಅಡ್ಡಗೆರೆಗಳ ನಡುವೆ ಹೊಸದಾಗಿ ಎದ್ದ ಗಂಟಿನ ಹತ್ತಿರ ಕೊಯ್ದು ತೆಗೆದರು. ಅದು ಮದರಾಸಿಗೆ ಹೋಗಿ ಬರಬೇಕು. ಅಷ್ಟು ದಿನ ಇವನು ಉಳಿಯುವುದಿಲ್ಲ ಅಂತ ಡಾಕ್ಟರೇ ಹೇಳಿದರು. ಔಷಧ ಇದೆ, ಈಗಲೇ ಶುರು ಮಾಡಬಹುದು. ಆದರೆ ನನ್ನ ಊಹೆ ತಪ್ಪಾಗಿ ಬೇರೆ ಯಾವುದೋ ಸೋಂಕು ಒಳಗಿದ್ದರೆ, ಇದೇ ಔಷಧ ಅದನ್ನು ಕೆರಳಿಸಿ ಇವನನ್ನು ಮುಗಿಸುತ್ತದೆ. ಏನು ಮಾಡಲಿ ಅಂತ ಕೇಳಿದರು. ದೊಡ್ಡಮಾವ ಅಜ್ಜಿಯ ಮುಖ ನೋಡಿದ. ಅಜ್ಜಿ ಸೀಲಿಂಗ್ ನೋಡಿದಳು.

"ಕೊಡಿ ಸಾರ್. ಆಣೆಯೇ ಮುರಿದಾಯಿತು, ಇನ್ನು ಹೆದರುವುದಕ್ಕೆ ಏನು ಉಳಿದಿದೆ" ಅಂದೆ.

ಸಣ್ಣ ಮಾತ್ರೆಗಳು. ನುಂಗಿಸುವಾಗ ಮಾವ ಬಾಯಿ ತೆರೆಯುತ್ತಿದ್ದ, ಮಾತಾಡುತ್ತಿರಲಿಲ್ಲ. ನೀರು ಬೇಕಾದರೆ ಅಣ್ಣನನ್ನು ಕೇಳುತ್ತಿದ್ದ. ನಾನು ಮಂಚದ ಈ ಕಡೆ ಬಂದರೆ ಆ ಕಡೆ ತಿರುಗುತ್ತಿದ್ದ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಾಯುವುದಾದರೂ ಬೈದು ಸಾಯಿ, ಹೀಗೆ ಬಾಯಿ ಮುಚ್ಚಿಕೊಂಡು ಸಾಯಬೇಡ ಅಂತ ಬೆನ್ನಿಗೆ ಹೇಳಿದೆ. ದಿನಾ ಬೆಳಗ್ಗೆ ಅವನ ಹಣೆ ಮುಟ್ಟುವ ಮೊದಲು ಒಂದು ಗಳಿಗೆ ನಿಲ್ಲುತ್ತಿದ್ದೆ. ತಣ್ಣಗಿದ್ದರೆ ಜ್ವರ ಬಿಟ್ಟಿದೆಯೋ, ಜೀವವೇ ಬಿಟ್ಟಿದೆಯೋ ಅನ್ನುವ ದಿಗಿಲು.

ಜ್ವರ ಬಿಟ್ಟಿತು. ಎಷ್ಟೋ ತಿಂಗಳ ಮೇಲೆ ಮಾವ ಹಸಿವು ಅಂದ, ಅದನ್ನೂ ಅಣ್ಣನಿಗೇ ಅಂದ. ಉಂಡ. ನಾವು ಮೂವರೂ ಉಸಿರು ಹಿಡಿದು ಕೂತೆವು. ನೋವು ಬರಲಿಲ್ಲ. ಅಜ್ಜಿ ಗೋಡೆಗೆ ಒರಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ನನ್ನ ಕೆನ್ನೆ ಸವರಿದಳು, ಕ್ಷಮಿಸು ಗಿಮಿಸು ಅಂತ ಏನೂ ಅನ್ನಲಿಲ್ಲ. ಅವಳ ಜಾಯಮಾನವೇ ಅಲ್ಲ ಅದು.

ಮದರಾಸಿನಿಂದ ಉತ್ತರ ಬಂದ ದಿನ ಡಾಕ್ಟರು ಹಿಂಡಿಲ್ಲದೆ ಒಬ್ಬರೇ ಬಂದರು. ಸ್ಟೂಲು ಎಳೆದುಕೊಂಡು ಮಾವನ ತಲೆಯ ಹತ್ತಿರ ಕೂತರು. ಆ ಸಿಡುಕು ಮುಖ ಅಂದು ಮೆತ್ತಗಿತ್ತು, ಒಳ್ಳೆಯ ಸುದ್ದಿಯಲ್ಲ ಅಂತ ಅದನ್ನು ಕಂಡೇ ಅಂದುಕೊಂಡೆ.

"ನಾನು ಅಂದುಕೊಂಡದ್ದೇ. ರಕ್ತನಾಳದ್ದು. ಕುಷ್ಠ ಅಲ್ಲ" ಅಂದರು. ನಾವು ಕೈ ಮುಗಿದೆವು. ಅವರು ಕೈ ಎತ್ತಿ ತಡೆದರು. "ಪೂರ್ತಿ ಕೇಳಿ. ಕುಷ್ಠ ಮನುಷ್ಯನನ್ನು ಕೊಲ್ಲುವುದಿಲ್ಲ. ಮಾತ್ರೆ ನುಂಗಿಕೊಂಡು ಮುದುಕನಾಗುವವರೆಗೆ ಬದುಕಬಹುದು. ಇದು ಹಾಗಲ್ಲ. ಈಗ ಹಿಡಿದು ನಿಲ್ಲಿಸಿದ್ದೇವೆ, ಅಷ್ಟೇ. ಮೂತ್ರಪಿಂಡಕ್ಕೆ ಆಗಲೇ ಪೆಟ್ಟು ಬಿದ್ದಿದೆ. ಎಷ್ಟು ವರ್ಷ ಅಂತ ನನ್ನನ್ನು ಕೇಳಬೇಡಿ. ಹೆಚ್ಚು ಅಂತ ನಾನು ಹೇಳಲಾರೆ."

ದೊಡ್ಡಮಾವ ತಲೆ ತಗ್ಗಿಸಿದ. ಅಜ್ಜಿಗೆ ಅರ್ಥವಾಗಲಿಲ್ಲ, ನಮ್ಮ ಮುಖಗಳನ್ನು ನೋಡುತ್ತಿದ್ದಳು. ಮಾವ ಮಾತ್ರ ನಕ್ಕ. ಜೋಲುಗೈಯನ್ನು ಎದೆಯ ಮೇಲೆ ಎತ್ತಿಟ್ಟುಕೊಂಡು, ಹಲ್ಲು ಕಾಣುವ ಹಾಗೆ ನಕ್ಕ. ಆಣೆ ಮುರಿದಾಗಿನಿಂದ ಮೊದಲ ಸಲ ನನ್ನ ಕಡೆ ತಿರುಗಿದ.

"ಕೇಳುದ್ಯೇನ್ಲೇ? ದೊಡ್ ರೋಗ ಅಲ್ವಂತೆ! ಇನ್ನು ಸತ್ರೂ ಮನೇಲೇ ಸಾಯ್ಬೌದು."

ಡಾಕ್ಟರಿಗೆ ಕನ್ನಡ ಬರದು. ಏನಂದ ಅಂತ ನನ್ನನ್ನು ಕೇಳಿದರು. ಸಂತೋಷ ಅಂತೆ ಸಾರ್ ಅಂದೆ. ಅವರು ತುಂಬ ಹೊತ್ತು ಅವನನ್ನು ನೋಡಿ, ಸ್ಟೂಲು ಪಕ್ಕಕ್ಕಿಟ್ಟು ಎದ್ದು ಹೋದರು. ಅದುವರೆಗೆ ಎಷ್ಟು ತಿಂಗಳು ನಾನು ಕಂಡ ಕಂಡ ದೇವರಿಗೆ ಅದೊಂದು ರೋಗ ಆಗದಿರಲಿ ಅಂತ ಬೇಡಿಕೊಂಡಿದ್ದೆನೋ. ಆಗ ಆ ವಾರ್ಡಿನಲ್ಲಿ ನಿಂತು, ಅದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಅದೇ ದೇವರುಗಳನ್ನು ಶಪಿಸಿದೆ.

ಊರಿಗೆ ವಾಪಸು ಬಂದಾಗ ಮಾವ ಲಾರಿ ಇಳಿದವನೇ, ಯಾರೂ ಕೇಳದಿದ್ದರೂ, ಕಂಡವರಿಗೆಲ್ಲ ಹೇಳಿದ. ನಾನು ಎಲ್ಲರೆದುರು ಹೇಳಿಬಿಟ್ಟ ಆ ಮಾತನ್ನೂ ಸೇರಿಸಿಯೇ ಹೇಳಿದ. ರಕ್ತದ ಕೊಳವೆ ಊದೈತೆ, ಬೀಜಕ್ಕೂ ಬಂದಿತ್ತು, ಸೇಲಂನಲ್ಲಿ ಕೊಯ್ದು ನೋಡವ್ರೆ, ದೊಡ್ ರೋಗ ಅಲ್ಲ. ಗಂಡಸರು ತಮಾಷೆ ಮಾಡಿದರು, ಅವನೂ ಅವರಿಗಿಂತ ಜೋರಾಗಿ ಮಾಡಿದ. ಟೀ ಅಂಗಡಿಯಲ್ಲಿ ಲೋಟ ಸಿಕ್ಕಿತು. ಮಾತ್ರೆಗೆ ಮುಖ ಊದಿ ದುಂಡಗಾಯಿತು, ಕಾಲು ಎಳೆದುಕೊಂಡೇ ಕುರಿ ಕಾಯ್ದ. ಕೆಲವು ವರ್ಷ ಬದುಕಿದ. ಆ ಎಪ್ಪತ್ತರ ದಶಕ ಮುಗಿಯಲಿಲ್ಲ, ಮೂತ್ರಪಿಂಡ ಸೋತು ಅವನು ಮುಗಿದ. ನಡುಮನೆಯಲ್ಲಿ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ತಾನು ಬಯಸಿದ ಹಾಗೆಯೇ ಹೋದ.

ಹನ್ನೊಂದನೆಯ ದಿನ ಊರೆಲ್ಲ ನಮ್ಮ ಮನೆಗೆ ಉಣ್ಣಲು ಬಂತು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ.

"ಎಂಥಾ ಸಾವು ನೋಡು, ಒಳ್ಳೇ ಮಾನವಾಗಿ ಓದ" ಅಂತ ಕೈ ತೊಳೆದುಕೊಳ್ಳುತ್ತ ಒಬ್ಬರಿಗೊಬ್ಬರು ಹೇಳಿಕೊಂಡರು. ಮೂಲೆಯಲ್ಲಿ ಕೂರಿಸಿದ್ದ ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಅವರ ಮಾನ ಅವರಿಗಿರಲಿ. ನನಗೆ ಆ ಜೋಳದ ಕಡ್ಡಿಯ ಗುಡಿಸಲೇ ಸಾಕಿತ್ತು, ಅವನು ಇದ್ದಿದ್ದರೆ.